ಶನಿವಾರದ ಸರೋವರ, ಬುಧವಾರದ ಬಿಂದಿಗೆ

ನಮ್ಮ ಬಡಾವಣೆಯ ನಕ್ಷೆಗೆ ನೀಲಿ ಬಣ್ಣ ಬಳಿದ ಮಾನ್ಯ ಮುಖ್ಯ ಯೋಜನಾಧಿಕಾರಿಗಳೇ,

‘ಕೆರೆಯ ಎದುರು ಮನೆಯಿದ್ದವಳಿಗೆ ಕನ್ನಡಿ ಬೇಕಿಲ್ಲ’ ಎಂಬುದೊಂದು ಸಾಲು. ಕಾಲೇಜಿನ ಕೈಬರಹದ ಪತ್ರಿಕೆಯಲ್ಲಿ ಯಾರೋ ಹಿರಿಯ ವಿದ್ಯಾರ್ಥಿನಿ ಬರೆದದ್ದು. ಅವಳ ಹೆಸರು ಮರೆತಿದೆ, ಮುಂದಿನ ಸಾಲೂ ಮರೆತಿದೆ. ಮೂವತ್ತು ವರ್ಷ ಈ ಅರ್ಧ ಪದ್ಯವನ್ನು ನಂಬಿಕೊಂಡು ಬಂದವಳು ಈಗ ಕೇಳುತ್ತಿದ್ದೇನೆ: ವಾರದ ಯಾವ ದಿನ ಬೇಕಿಲ್ಲ? ನಿಮ್ಮ ಪ್ರಾಧಿಕಾರವೇ ಯೋಜಿಸಿ, ನಿಮ್ಮ ಪ್ರಾಧಿಕಾರವೇ ಮಾರಿದ ‘ಝೀಲ್ ಕಿನಾರಾ’, ಅಂದರೆ ಸರೋವರದ ದಂಡೆ, ಎಂಬ ಬಡಾವಣೆಯ ಸರೋವರದಲ್ಲಿ ಶನಿವಾರ ಮತ್ತು ಭಾನುವಾರ ಮಾತ್ರ ನೀರಿರುತ್ತದೆ. ನನ್ನ ಮಗನ ಮದುವೆ ಡಿಸೆಂಬರ್ ಐದು, ಬುಧವಾರ. ಅಂದು ಆ ಸರೋವರದಿಂದ ನನಗೆ ಎರಡು ಬಿಂದಿಗೆ ನೀರು ಬೇಕು. ಕೊಡಲಾಗದು ಎಂದು ನೀವು ಬರೆದು ತಿಳಿಸಿದ್ದೀರಿ. ನನ್ನ ದೂರು ಇಷ್ಟೇ, ಉಳಿದದ್ದೆಲ್ಲ ವಿವರಣೆ.

ಕನ್ನಡ ನಿಮಗೆ ಬರುವುದಿಲ್ಲವೆಂದು ಗೊತ್ತು. ಆದರೆ ನಿಮಗೆ ಬರುವ ಭಾಷೆಗಳಲ್ಲಿ, ಹಿಂದಿಯಲ್ಲಿ ಮೂರು, ಇಂಗ್ಲಿಷಿನಲ್ಲಿ ಎರಡು ಪತ್ರ ಬರೆದು ನೋಡಿದೆ. ಅವುಗಳಿಂದ ಆದ ಫಲವನ್ನು ನೋಡಿದರೆ ಭಾಷೆ ಇಲ್ಲಿ ಅಡ್ಡಿಯೇ ಅಲ್ಲ ಅನಿಸಿತು. ಹಾಗಿದ್ದ ಮೇಲೆ ನನಗೆ ಸಲೀಸಾಗಿ ಸಿಟ್ಟು ಬರುವ ಭಾಷೆಯಲ್ಲೇ ಬರೆಯುವುದು ವಾಸಿ. ಪತ್ರಿಕೆಗೂ ಕಳಿಸುತ್ತಿದ್ದೇನೆ, ದೆಹಲಿಯ ಕನ್ನಡಿಗರಾದರೂ ಓದಿ, ಮನೆ ಕೊಳ್ಳುವಾಗ ಒಂದು ಬುಧವಾರ ಹೋಗಿ ನೋಡಿಯಾರು.

ನಾವು ಕೊಡಗಿನವರು. ನಮ್ಮ ಮದುವೆಯಲ್ಲಿ ಗಂಗಾಪೂಜೆ ಎಂಬ ಶಾಸ್ತ್ರವಿದೆ. ಗಂಡನ ಮನೆಗೆ ಬಂದ ಮದುಮಗಳು ಅಲ್ಲಿನ ನೀರಿನ ಬಳಿಗೆ ಹೋಗಿ, ವೀಳ್ಯದೆಲೆ ಅಡಿಕೆ ಇಟ್ಟು, ತೆಂಗಿನಕಾಯಿ ಒಡೆದು, ತಾನೇ ನೀರು ತುಂಬಿ, ಒಂದೋ ಎರಡೋ ಬಿಂದಿಗೆಯನ್ನು ತಲೆಯ ಮೇಲಿಟ್ಟುಕೊಂಡು ಮನೆಗೆ ತರಬೇಕು. ತಂದುಬಿಡುವುದು ಸುಲಭವಲ್ಲ. ಗಂಡಿನ ಕಡೆಯ ನೆಂಟರು ವಾಲಗಕ್ಕೆ ಕುಣಿಯುತ್ತ ಅವಳ ದಾರಿಗೆ ಅಡ್ಡ ನಿಲ್ಲುತ್ತಾರೆ. ಒಂದು ಗಂಟೆ, ಕೆಲವೊಮ್ಮೆ ಎರಡು ಗಂಟೆ. ಕುಣಿಯುವವರ ಕಾಲು ಸೋಲುವವರೆಗೆ ಅವಳು ತಲೆಯ ಮೇಲೆ ನೀರು ಹೊತ್ತು, ಮುಖ ಗಂಟಿಕ್ಕದೆ, ಒಂದೊಂದೇ ಹೆಜ್ಜೆ ಇಡುತ್ತಿರಬೇಕು. ಆ ನೀರು ಅಡುಗೆಮನೆ ಸೇರಿದರೆ ಅವಳು ಈ ಮನೆಯವಳಾದಳು. ನಾನು ಹಾಗೆಯೇ ಆದವಳು. ನನ್ನ ಕತ್ತು ಅದನ್ನು ಇಂದಿಗೂ ಮರೆತಿಲ್ಲ.

ಆದರೆ ನಾವು ಸೈನ್ಯದವರು. ನನ್ನ ಯಜಮಾನರು, ನಿವೃತ್ತ ಕರ್ನಲ್ ಮೊಣ್ಣಪ್ಪ, ಮೂವತ್ತೆರಡು ವರ್ಷ ಬೇರೆಯವರ ಮನೆಗಳಲ್ಲಿ ನಮ್ಮನ್ನು ಇಟ್ಟಿದ್ದರು. ನಾನು ಕನ್ನಡ ಎಂ.ಎ. ಮಾಡಿದ್ದೂ ಅಂಚೆಯಲ್ಲೇ, ಹಳಗನ್ನಡದ ಪಾಠಗಳು ಪಠಾಣಕೋಟಿಗೆ ಬಂದವು, ಕಾವ್ಯಮೀಮಾಂಸೆ ಝಾನ್ಸಿಗೆ. ಹೀಗೆ ಅಲೆಯುವವರಿಗೆ ‘ಮನೆಯ ನೀರು’ ಎಂದರೆ ಏನು? 1998ರಲ್ಲಿ ನನ್ನ ಮೈದುನನ ಮದುವೆಯಾದಾಗ ಅವನು ಲೋಧಿ ಕಾಲೋನಿಯ ಸರ್ಕಾರಿ ಫ್ಲ್ಯಾಟಿನಲ್ಲಿದ್ದ. ಹಿತ್ತಲಿನ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಅದರ ಮುಂದೆ ಕಾಯಿ ಒಡೆದು ಗಂಗಾಪೂಜೆ ಮಾಡಿದೆವು. ಅರ್ಧ ಬಿಂದಿಗೆ ತುಂಬುವಷ್ಟರಲ್ಲಿ ನಲ್ಲಿ ಬುಸುಗುಟ್ಟಿ ನಿಂತಿತು. ನನ್ನ ಅತ್ತೆ ಚಿಣ್ಣಮ್ಮ ಗಡಿಯಾರ ನೋಡಿ, “ಎಂಟೂವರೆ. ಗಂಗೆಗೆ ಡ್ಯೂಟಿ ಮುಗೀತು,” ಎಂದರು. ಉಳಿದರ್ಧವನ್ನು ಪಕ್ಕದ ಫ್ಲ್ಯಾಟಿನ ಏರ್ ಕೂಲರಿನಿಂದ ತುಂಬಿಸಿದೆವು. ಆ ಸೊಸೆ ಇಂದಿಗೂ ಯಾವುದಕ್ಕಾದರೂ ಮುನಿಸಿಕೊಂಡರೆ, ‘ನಾನು ಈ ಮನೆಗೆ ಅರ್ಧ ಮಾತ್ರ ಸೇರಿದವಳು, ಉಳಿದರ್ಧ ಪಕ್ಕದ ಮನೆಯವರದು’ ಎನ್ನುತ್ತಾಳೆ.

ಆ ದಿನವೇ ಅತ್ತೆ ತೀರ್ಮಾನಿಸಿದ್ದರು: ಮೊಮ್ಮಗ ಯಶ್ವಂತನ ಹೆಂಡತಿ ನಲ್ಲಿಯ ಮುಂದೆ ನಿಲ್ಲಕೂಡದು. ಅತ್ತೆಗೆ ಈಗ ಎಂಬತ್ತೆರಡು. ಹೃದಯದ ತಜ್ಞರು ವಿಮಾನವನ್ನೂ ರೈಲನ್ನೂ ನಿಷೇಧಿಸಿದ್ದಾರೆ. ‘ಊರಿಗೇ ಹೋಗಿ ಮಾಡಿ’ ಎಂದು ನೀವು ಹೇಳುವ ಮೊದಲೇ ಇದನ್ನು ಬರೆದಿಡುತ್ತಿದ್ದೇನೆ. ಊರಿಗೆ ನಾವು ಹೋಗಬಹುದು. ನೋಡಬೇಕೆಂದು ಕಾದಿರುವವರು ಹೋಗಲಾರರು.

ಹೀಗಾಗಿ ನಿವೃತ್ತಿ ಹತ್ತಿರ ಬಂದಾಗ ನಾವು ಹುಡುಕಿದ್ದು ಮನೆಯನ್ನಲ್ಲ, ನೀರನ್ನು. ನೋಯ್ಡಾದಲ್ಲಿ ಹನ್ನೊಂದನೆಯ ಮಹಡಿಯ ಚೆಂದದ ಫ್ಲ್ಯಾಟೊಂದು ಸಿಕ್ಕಿತ್ತು. ಅತ್ತೆ ಅದರ ನಕ್ಷೆಯನ್ನು ಕನ್ನಡಕ ಹಾಕಿಕೊಂಡು ನೋಡಿ ಒಂದೇ ಪ್ರಶ್ನೆ ಕೇಳಿದರು: “ಹುಡುಗಿ ಲಿಫ್ಟಲ್ಲಿ ನೀರು ತರ್ತಾಳೆ ಸರಿ. ದಾರಿ ತಡೆಯೋರು ಲಿಫ್ಟೊಳಗೆ ಕುಣೀಬೇಕಾ?” ನೋಯ್ಡಾ ಅಲ್ಲಿಗೆ ಮುಗಿಯಿತು.

ಆಮೇಲೆ ನಿಮ್ಮ ಬಣ್ಣದ ಪುಸ್ತಿಕೆ ಬಂತು. ಮಾನೇಸರ್ ಹೆದ್ದಾರಿಯಿಂದ ಹತ್ತು ನಿಮಿಷ, ಅಗಲ ರಸ್ತೆ, ಪ್ರತಿ ಮನೆಗೂ ಕೈತೋಟ, ನಡುವೆ ಸರೋವರ. ಸರೋವರದಲ್ಲಿ ಹಂಸಾಕೃತಿಯ ಬಿಳಿ ದೋಣಿಗಳು, ದಂಡೆಯಲ್ಲಿ ಪುಸ್ತಕ ಓದುತ್ತಿರುವ ನನ್ನ ವಯಸ್ಸಿನ ಹೆಂಗಸು. ಒಪ್ಪಿಕೊಳ್ಳುತ್ತೇನೆ, ನಾನು ಸೋತದ್ದು ಆ ಹೆಂಗಸಿಗೆ. ಅವಳ ಕೈಯಲ್ಲಿದ್ದದ್ದು ಪದ್ಯವೇ ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ಯಜಮಾನರು ಪುಸ್ತಿಕೆ ನಂಬುವವರಲ್ಲ. ಯುದ್ಧಭೂಮಿಗೆ ಹೋಗುವ ಮೊದಲು ಮಾಡುವಂತೆ ಸ್ಥಳ ಪರಿಶೀಲನೆ ಮಾಡಿದರು. ಒಂದಲ್ಲ, ನಾಲ್ಕು ಸಲ. ದಂಡೆಯ ಸುತ್ತಳತೆ ಹೆಜ್ಜೆಯಲ್ಲಿ ಅಳೆದರು, ಕೋಲು ಇಳಿಸಿ ಆಳ ನೋಡಿದರು, ದಂಡೆಯಿಂದ ಮನೆಬಾಗಿಲಿಗೆ ಇನ್ನೂರ ಹತ್ತು ಹೆಜ್ಜೆ, ಕುಣಿತಕ್ಕೆ ಸಾಕು ಎಂದು ಡೈರಿಯಲ್ಲಿ ಬರೆದರು. ಆಗಿನ್ನೂ ಸೇವೆಯಲ್ಲಿದ್ದರು, ಬಿಡುವಿದ್ದದ್ದು ಭಾನುವಾರ ಮಾತ್ರ. ನಾಲ್ಕೂ ಪರಿಶೀಲನೆ ಭಾನುವಾರ ನಡೆದವು. ಗಡಿಯಾಚೆಯ ಶತ್ರುವಿನ ಚಲನವಲನವನ್ನು ಗಂಟೆ ಗಂಟೆಗೂ ದಾಖಲಿಸುತ್ತಿದ್ದ ಅಧಿಕಾರಿಗೆ, ಕೆರೆಯೂ ವಾರದ ದಿನಗಳಲ್ಲಿ ಶಿಬಿರ ಖಾಲಿ ಮಾಡೀತು ಎಂದು ಹೊಳೆಯಲಿಲ್ಲ.

ನಾವು ಸಾಮಾನು ಇಳಿಸಿದ್ದು ಕಳೆದ ಏಪ್ರಿಲ್‌ನ ಒಂದು ಬುಧವಾರ. ಸರೋವರದ ಕಡೆಗಿರುವ ಕಿಟಕಿಗೆ ನೀವು ಹೆಚ್ಚುವರಿ ಶುಲ್ಕ ವಿಧಿಸಿದ್ದಿರಿ. ಆ ಕಿಟಕಿ ತೆರೆದೆ. ಎದುರಿಗೆ ಸೀಳುಬಿಟ್ಟ ಮಣ್ಣು. ಹಂಸಗಳು ಒಂದರ ಮೇಲೊಂದು ಒರಗಿ ಬಿದ್ದಿದ್ದವು. ಒಂದರ ಕೊರಳ ಮೇಲೆ ಯಾರೋ ಲುಂಗಿ ಒಣಹಾಕಿದ್ದರು. ಗಾಬರಿಯಿಂದ ಕಾವಲುಗಾರನನ್ನು ಕರೆದೆ.

“ಭಯ್ಯಾ, ನೀರೆಲ್ಲಿ?”

“ಶುಕ್ರವಾರ ಬರುತ್ತೆ, ಮೇಡಂಜೀ,” ಎಂದ, ಊರಿಗೆ ಹೋದ ಮನೆಯೊಡೆಯನ ಬಗ್ಗೆ ಹೇಳುವವನಂತೆ. “ಸಂಜೆ ಪಂಪ್ ಹಾಕ್ತಾರೆ. ಶನಿವಾರ ಹೊಸ ಪಾರ್ಟಿಗಳು ಜಾಗ ನೋಡೋಕೆ ಬರ್ತಾರಲ್ಲ.”

“ಆಮೇಲೆ?”

“ಆಮೇಲೆ ನೆಲ ಕುಡಿಯುತ್ತೆ. ನೆಲಕ್ಕೂ ಬಾಯಾರಿಕೆ ಇರುತ್ತಲ್ಲ ಮೇಡಂಜೀ.”

ಅಂದರೆ ಎರಡನೆಯ ಹಂತದ ನಿವೇಶನಗಳು ಮಾರಾಟವಾಗುವವರೆಗೆ ಸರೋವರ ವಾರಕ್ಕೆ ಎರಡು ದಿನ ಕೆಲಸಕ್ಕೆ ಬರುತ್ತದೆ. ಮಾರಾಟ ಮುಗಿದ ಮೇಲೆ ಅದಕ್ಕೂ ನಿವೃತ್ತಿಯೇ?

ಆದರೂ ಮದುವೆ ಶನಿವಾರವಾಗಿದ್ದರೆ ನಮ್ಮ ಶಾಸ್ತ್ರಕ್ಕೆ ತೊಂದರೆ ಇರಲಿಲ್ಲ. ಮಗ ಯಶ್ವಂತ್ ಗಡಿಯಲ್ಲಿ ಕ್ಯಾಪ್ಟನ್. ಅವನ ಹತ್ತು ದಿನದ ರಜೆ, ಮುಹೂರ್ತ, ಸಭಾಂಗಣ ಮೂರೂ ಒಟ್ಟಾಗಿ ಸಿಕ್ಕಿದ್ದು ಬುಧವಾರ. ಅದಕ್ಕಾಗಿ ನಿಮಗೊಂದು ವಿನಯದ ಅರ್ಜಿ ಬರೆದೆ: ಆ ವಾರ ಪಂಪನ್ನು ಶುಕ್ರವಾರದ ಬದಲು ಮಂಗಳವಾರ ಚಾಲೂ ಮಾಡಿಸಿ, ಎರಡು ಬಿಂದಿಗೆ ತೆಗೆದುಕೊಳ್ಳಲು ಅನುಮತಿ ಕೊಡಿ. ಜೊತೆಗೆ, ಈ ಸರೋವರವನ್ನು ತುಂಬಿಡುವ ಹೊಣೆ ಯಾರದೆಂದು ಹೊಸ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಪ್ರಶ್ನೆಯನ್ನೂ ಕೇಳಿದೆ. ಎರಡಕ್ಕೂ ಉತ್ತರ ಒಂದೇ ದಿನ ಬಂತು. ಮಾಹಿತಿ ಹಕ್ಕಿನ ಉತ್ತರ: ‘ದಾಖಲೆಗಳ ಪ್ರಕಾರ ಸದರಿ ಸ್ಥಳದಲ್ಲಿ ಯಾವುದೇ ಸರೋವರವಿರುವುದಿಲ್ಲ, ಅದು ಸುಂದರಗೊಳಿಸಿದ ತೆರೆದ ಪ್ರದೇಶ.’ ಅರ್ಜಿಯ ಉತ್ತರ: ‘ಸದರಿ ಸರೋವರದಿಂದ ನೀರು ತೆಗೆಯುವುದು ನಿಷಿದ್ಧ, ಉಲ್ಲಂಘಿಸಿದರೆ ದಂಡ.’ ಎರಡರ ಕೆಳಗೂ ನಿಮ್ಮದೇ ಸಹಿ, ಒಂದೇ ಶಾಯಿ.

ಮಾನ್ಯರೇ, ಇಲ್ಲದ್ದನ್ನು ಇದೆಯೆಂದು ತೋರಿಸುವುದಕ್ಕೆ ನಮ್ಮ ಹಿರಿಯರು ಮಾಯೆ ಎಂದರು. ಇಲ್ಲದ್ದನ್ನು ಮುಟ್ಟಬೇಡ ಎನ್ನುವುದಕ್ಕೆ ಅವರಲ್ಲಿ ಹೆಸರಿರಲಿಲ್ಲ. ಅದು ನಿಮ್ಮ ಕಚೇರಿಯ ಕೊಡುಗೆ. ಇಲ್ಲದ ಸರೋವರದಿಂದ ನಾನು ತೆಗೆಯುವ ನೀರು ಇಲ್ಲದ ನೀರೇ ತಾನೆ? ಹಾಗಾದರೆ ದಂಡವನ್ನೂ ಇಲ್ಲದ ನೋಟಿನಲ್ಲಿ ಕಟ್ಟಬಹುದೇ? ಎರಡು ಪತ್ರಗಳನ್ನೂ ಅತ್ತೆಗೆ ಓದಿ ಹೇಳಿದೆ. ಅವರು, “ಈ ಮನುಷ್ಯನಿಗೆ ಮದುವೆ ಆಗಿದೆಯಾ?” ಎಂದು ಕೇಳಿದರು. ಯಾಕೆ ಎಂದೆ. “ಎರಡು ಮಾತಾಡೋ ಅಭ್ಯಾಸ ಮನೆಯಲ್ಲಿ ಯಾರೂ ಬಿಡಿಸಿಲ್ಲವಲ್ಲ, ಅದಕ್ಕೆ.”

ನಿಮ್ಮ ಕಚೇರಿಗೂ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಗುಮಾಸ್ತರು ನನ್ನನ್ನು ಕೂರಿಸಿ, ಚಹಾ ತರಿಸಿ, ಮನಸ್ಸಿಟ್ಟು ಕೇಳಿದರು. ಅವರ ಮೇಲೆ ನನಗೆ ದೂರಿಲ್ಲ.

“ಬಿಂದಿಗೆ ಎಷ್ಟು ಲೀಟರಿನದು, ಮೇಡಂ?”

“ಅಳೆದಿಲ್ಲ.”

“ಉಪಯೋಗ? ಗೃಹಬಳಕೆಯೋ, ವಾಣಿಜ್ಯವೋ?”

“ಸೊಸೆ ತರುವುದು.”

ಅವರು ಪೆನ್ನು ಕೆಳಗಿಟ್ಟು ಯೋಚಿಸಿದರು. “ನೀರು ತೆಗೆಯೋಕೆ ಫಾರ್ಮ್ ಇಲ್ಲ. ದೋಣಿ ವಿಹಾರಕ್ಕೆ ಇದೆ. ಹೀಗೆ ಮಾಡಿ, ಬಹೂನ ದೋಣೀಲಿ ಕೂರಿಸಿ. ದೋಣಿ ಸ್ವಲ್ಪ ವಾಲಿದರೆ ನೀರು ತಾನಾಗೇ ಬಿಂದಿಗೆಗೆ ಬರುತ್ತೆ. ಬಂದ ನೀರನ್ನ ಯಾರು ಕೇಳ್ತಾರೆ?”

“ಬುಧವಾರ ದೋಣಿಯೇ ನೆಲಕ್ಕೆ ಒರಗಿರುತ್ತಲ್ಲ ಸ್ವಾಮಿ.”

“ಅಚ್ಛಾ, ಬುಧವಾರವಾ,” ಎಂದು ಅವರು ನಿಜವಾಗಿಯೂ ಮರುಗಿದರು. “ಬುಧವಾರಕ್ಕೆ ನಮ್ಮಲ್ಲಿ ಏನೂ ಇಲ್ಲ.”

ಮದುಮಗಳಾಗಲಿರುವ ಪ್ರೇರಣಾ ದೆಹಲಿಯಲ್ಲೇ ಬೆಳೆದ ಕೊಡಗಿನ ಹುಡುಗಿ, ನೋಯ್ಡಾದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅವಳಿಗೆ ಇದೆಲ್ಲ ಬೇಡವಾಗಿರಬಹುದು ಎಂದು ನಾನೇ ಒಂದು ದಾರಿ ಸೂಚಿಸಿದೆ: ಅಂಗಡಿಯ ಇಪ್ಪತ್ತು ಲೀಟರಿನ ಡಬ್ಬಿಯಿಂದ ಬಿಂದಿಗೆಗೆ ಸುರಿದುಕೊಂಡರೆ ಆಗದೇ?

“ಆಂಟಿ, ನಾನು ಎರಡು ತಿಂಗಳಿಂದ ಪ್ರಾಕ್ಟೀಸ್ ಮಾಡ್ತಿದೀನಿ,” ಎಂದಳು. “ರೋಜ್ ಬೆಳಿಗ್ಗೆ, ಟೆರೇಸ್ ಮೇಲೆ. ನಲವತ್ತು ನಿಮಿಷ ನಿಲ್ತೀನಿ ಈಗ. ಮುಖ ಮಾತ್ರ ಥೋಡಾ ಗಂಟಾಗುತ್ತೆ.”

ಅತ್ತೆ ಕೋಣೆಯೊಳಗಿಂದಲೇ ಕೂಗಿ ಹೇಳಿದರು, “ಮುಚ್ಚಳ ತಿರುಗಿಸಿದರೆ ಬರೋ ನೀರಿಗೆ ಪೂಜೆ ಯಾಕೆ? ಕಾಯಿ ಒಡೆಯೋಕೆ ಮುಂಚೆ ಸೀಲ್ ಒಡೀಬೇಕಾ?”

ಈಗ ನಿಮ್ಮ ಕಡತದಲ್ಲಿಲ್ಲದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಹಿತ್ತಲಿನ ಗೋಡೆಯಾಚೆಗೆ ಹಳೆಯ ಹಳ್ಳಿ. ಗೋಡೆಗೆ ಒತ್ತಿಕೊಂಡೇ ಸಂತ್ರಾ ತಾಈಯ ಎಮ್ಮೆ ಕೊಟ್ಟಿಗೆ. ತಾಈ ಎಂದರೆ ಇಲ್ಲಿ ದೊಡ್ಡಮ್ಮ. ನಮಗೆ ಹಾಲು ಕೊಡುವುದು ಅವರೇ. ಅವರ ಎಮ್ಮೆ ಉಸಿರುಬಿಡುವುದು ನನ್ನ ಅಡುಗೆಮನೆಗೆ ಕೇಳುತ್ತದೆ, ಆದರೆ ಹಾಲು ಬರುವುದು ಒಂದೂವರೆ ಮೈಲಿ ಸುತ್ತಿ, ಮುಖ್ಯದ್ವಾರದಲ್ಲಿ ಕಾವಲುಗಾರನ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ. ಗೋಡೆಯಲ್ಲೊಂದು ಕಬ್ಬಿಣದ ಗೇಟಿದೆ. ಸರೋವರ ವಲಯದ ಸೌಂದರ್ಯರಕ್ಷಣೆಗಾಗಿ ಅದಕ್ಕೆ ನೀವು ಬೀಗ ಹಾಕಿಸಿದ್ದೀರಿ. ಎಮ್ಮೆಗಳು ಸೌಂದರ್ಯವಲ್ಲ, ಪ್ಲಾಸ್ಟಿಕ್ ಹಂಸಗಳು ಸೌಂದರ್ಯ ಎಂಬುದು ನಿಮ್ಮ ಕಾವ್ಯಮೀಮಾಂಸೆ. ನನ್ನ ಪಠ್ಯದಲ್ಲಿ ಅದಿರಲಿಲ್ಲ.

ಈ ಸರೋವರ ಯಾವಾಗ ಕಟ್ಟಿದ್ದು ಎಂದು ಒಂದು ದಿನ ತಾಈಯನ್ನು ಕೇಳಿದೆ. ಅವರು ಹಾಲಿನ ಕ್ಯಾನು ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದರು.

“ಕಟ್ಟಿದ್ದಾ? ಅದು ನಮ್ಮ ಜೋಹಡ್, ಊರ ಕೆರೆ. ನಾನು ಮದುವೆಯಾಗಿ ಬಂದಾಗ ಎಮ್ಮೆಗಳು ಕೊರಳ ತನಕ ನೀರಲ್ಲಿರ್ತಿದ್ದವು. ಜ್ಯೇಷ್ಠ ಮಾಸದಲ್ಲೂ ಬತ್ತುತ್ತಿರಲಿಲ್ಲ. ನಿಮ್ಮ ಸಾಹೇಬರು ಬಂದು ಚೆಂದ ಮಾಡ್ತೀವಿ ಅಂತ ಕೆಸರೆಲ್ಲ ತೆಗೆಸಿದರು. ತಳದ ಜಿಗುಟು ಮಣ್ಣನ್ನೂ ಲಾರಿಗೆ ತುಂಬಿದರು. ನೀರನ್ನ ಹಿಡಿದಿಟ್ಟಿದ್ದೇ ಆ ಕೊಳಕು ಮಣ್ಣು. ಈಗ ಚೆಂದ ಇದೆ, ನೀರಿಲ್ಲ.”

ಅಂದರೆ ಸರೋವರ ಇತ್ತು, ಮಾನ್ಯರೇ. ನಿಮ್ಮ ಪುಸ್ತಿಕೆ ಸುಳ್ಳು ಹೇಳಿರಲಿಲ್ಲ, ತಡವಾಗಿ ಹೇಳಿತ್ತು. ಅದನ್ನು ಸರೋವರವಾಗಿ ಮಾರುವುದಕ್ಕಾಗಿ ಕೆರೆಯಾಗಿ ಉಳಿಯದಂತೆ ಮಾಡಿದಿರಿ. ಇದರಲ್ಲಿ ನನ್ನ ಪಾಲು ಎಷ್ಟು ಎಂದು ಅಂದಿನಿಂದ ಕೇಳಿಕೊಳ್ಳುತ್ತಿದ್ದೇನೆ. ನನಗೆ ಎಮ್ಮೆಯಿಲ್ಲದ, ಕೆಸರಿಲ್ಲದ, ದಂಡೆಯಲ್ಲಿ ಕೂತು ಪದ್ಯ ಓದಬಹುದಾದ ನೀರು ಬೇಕಿತ್ತು. ಅಂಥ ನೀರು ಬೇಕೆನ್ನುವ ನನ್ನಂಥವರು ಇದ್ದದ್ದರಿಂದಲೇ ಅಲ್ಲವೇ ನೀವು ಆ ಮಣ್ಣನ್ನು ತೆಗೆಸಿದ್ದು? ಕನ್ನಡಿ ಬೇಕಿಲ್ಲ ಎಂದು ಕಾಲೇಜಿನ ಆ ಹುಡುಗಿ ಬರೆದದ್ದು ಪೂರ್ತಿ ಸುಳ್ಳೇನಲ್ಲ. ಬುಧವಾರದ ಒಣನೆಲದಲ್ಲೂ ನನ್ನ ಮುಖ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಆದರೂ ಮದುವೆ ನಿಲ್ಲುವುದಿಲ್ಲ. ಅತ್ತೆ ದಿನಾ ಬೆಳಿಗ್ಗೆ ಆ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಹಿತ್ತಾಳೆಯ ಎರಡು ಬಿಂದಿಗೆಗಳನ್ನು ಹುಣಸೆಹಣ್ಣು ಹಾಕಿ ಬೆಳಗಿಸಿ ತಮ್ಮ ಮಂಚದ ಕೆಳಗಿಟ್ಟಿದ್ದಾರೆ. ನೀರಿನ ವಿಷಯ ನಮ್ಮನ್ನು ಕೇಳುವುದನ್ನು ಹದಿನೈದು ದಿನಗಳಿಂದ ಬಿಟ್ಟಿದ್ದಾರೆ. ಅದಕ್ಕಾಗಿಯೇ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯಬೇಕಾಯಿತು.

ನನ್ನ ಬೇಡಿಕೆ ಹೀಗಿದೆ. ಡಿಸೆಂಬರ್ ನಾಲ್ಕು, ಮಂಗಳವಾರ ಸಂಜೆ ಪಂಪು ಚಾಲೂ ಮಾಡಿಸಿ. ಯಾರೋ ಹೊಸ ಗಿರಾಕಿ ಬುಧವಾರ ಬರುತ್ತಿದ್ದಾರೆಂದೇ ತಿಳಿಯಿರಿ. ಹೊಸ ಸೊಸೆಯೂ ಮನೆ ನೋಡಲು ಬರುವವಳೇ. ಅದಾಗದಿದ್ದರೆ ನಿಮ್ಮ ಎರಡು ಪತ್ರಗಳಲ್ಲಿ ಒಂದನ್ನು ಹಿಂತೆಗೆದುಕೊಳ್ಳಿ. ಸರೋವರ ಇಲ್ಲವೆಂದಾದರೆ ದಂಡೆಯಲ್ಲಿ ನೆಟ್ಟಿರುವ ನಿಷೇಧದ ಫಲಕವನ್ನೂ, ಪುಸ್ತಿಕೆಯಲ್ಲಿರುವ ಆ ಓದುವ ಹೆಂಗಸನ್ನೂ ತೆಗೆಸಿಬಿಡಿ. ಅವಳು ಏನನ್ನು ಎದುರಿಗಿಟ್ಟುಕೊಂಡು ಕೂತಿದ್ದಾಳೆಂದು ನನಗಾದರೂ ಗೊತ್ತಿದೆ.

ಇಂತಿ,
ನಾಲ್ಕು ಭಾನುವಾರಗಳನ್ನು ನಂಬಿ ಮನೆ ಕೊಂಡ,
ದಾಖಲೆಯಲ್ಲಿಲ್ಲದ ಸರೋವರದ ಎದುರುಮನೆಯ
ಮಾಚಮ್ಮ ಮೊಣ್ಣಪ್ಪ
‘ಝೀಲ್ ಕಿನಾರಾ’, ನವೆಂಬರ್ 2007

ತಾ.ಕ.: ಮೇಲಿನ ಬೇಡಿಕೆಯನ್ನು ಹಿಂತೆಗೆದುಕೊಂಡಿದ್ದೇನೆ. ಲಕೋಟೆ ಅಂಟಿಸುವಾಗ ಸಂತ್ರಾ ತಾಈ ಹಾಲು ತಂದರು. ಅತ್ತೆಯ ಮಂಚದ ಕೆಳಗೆ ಹೊಳೆಯುವ ಬಿಂದಿಗೆ ಕಂಡು ಏನು ಸಮಾಚಾರ ಎಂದು ಕೇಳಿದರು. ನಮ್ಮ ಶಾಸ್ತ್ರವನ್ನು ನನ್ನ ಮುರುಕು ಹಿಂದಿಯಲ್ಲಿ ಮೊದಲಿನಿಂದ ಹೇಳಿದೆ: ನೀರು, ಕಾಯಿ, ತಲೆಯ ಮೇಲೆ ಬಿಂದಿಗೆ, ದಾರಿ ತಡೆದು ಕುಣಿಯುವ ನೆಂಟರು. ಅವರ ಮುಖ ಅರಳಿತು. ಅವರಲ್ಲೂ ಮಗು ಹುಟ್ಟಿದ ಮೇಲೆ ತಾಯಿ ಬಾವಿಗೆ ಹೋಗಿ ಪೂಜೆ ಮಾಡಿ ಬರುತ್ತಾಳಂತೆ. ಆ ಬಾವಿ ಕೊಟ್ಟಿಗೆಯ ಪಕ್ಕದಲ್ಲೇ ಇದೆ, ನಿಮ್ಮ ಗೇಟಿನಿಂದ ಮೂವತ್ತು ಹೆಜ್ಜೆ. “ನಿಮ್ಮ ಪಂಪಿನಿಂದ ನೀರು ಕೆಳಗೆ ಹೋಗಿದೆ, ಹಗ್ಗ ಉದ್ದ ಬೇಕು ಅಷ್ಟೇ. ಎರಡಲ್ಲ, ಇಪ್ಪತ್ತು ಬಿಂದಿಗೆ ಒಯ್ಯಲಿ ಬಹೂ,” ಎಂದರು. ಆದರೆ ಗೇಟಿಗೆ ಬೀಗವಿದೆಯಲ್ಲ, ತಲೆಯ ಮೇಲೆ ನೀರು ಹೊತ್ತು ಒಂದೂವರೆ ಮೈಲಿ ಹೆದ್ದಾರಿ ಸುತ್ತಿ ಬರಲಾಗುತ್ತದೆಯೇ ಎಂದೆ. ತಾಈ ಖಾಲಿ ಕ್ಯಾನು ಎತ್ತಿಕೊಂಡು ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು:

“ದಾರಿ ತಡೆಯೋರು ನೆಂಟರೇ ಅಂತ ಈಗ ನೀನೇ ಅಂದೆಯಲ್ಲ. ಹಾಗಾದರೆ ಆ ಸಾಹೇಬನೂ ನಿಮ್ಮ ಕಡೆಯವನೇ. ಬೀಗದ ಕೈ ತಗೊಂಡು ಮದುವೆಗೆ ಬರೋಕೆ ಹೇಳು. ಎಲ್ಲರ ಹಾಗೆ ಅವನೂ ಕಾಲು ಸೋಲೋ ತನಕ ಕುಣಿದು, ಆಮೇಲೆ ಹುಡುಗಿಗೆ ದಾರಿ ಬಿಡಲಿ.”